ಹವ್ಯಾಸಕ್ಕೆ ಕೈಮಗ್ಗ: ಖರ್ಚು ಎಷ್ಟು, ಎಲ್ಲೆಲ್ಲಿ?

ಹೊಸೂರು, ತಳಿ, ಡೆಂಕಣಿಕೋಟೆ, ಕೃಷ್ಣಗಿರಿ ಕಡೆಯ ಸದಸ್ಯರಲ್ಲಿ ಕೆಲವರು, ಮುಖ್ಯವಾಗಿ ನಿವೃತ್ತರಾದವರು, ಮನೆಯಲ್ಲೇ ನೇಯ್ಗೆ ಕಲಿಯಲು ಏನು ಖರ್ಚಾಗುತ್ತದೆ ಎಂದು ಸಂಘವನ್ನು ಕೇಳುತ್ತಿದ್ದಾರೆ. ಎಲ್ಲರೂ ಮೊದಲು ಕೇಳುವುದು ಮಗ್ಗದ ಬೆಲೆಯನ್ನೇ. ಆದರೆ ಅದು ಒಂದು ಸಲದ ಖರ್ಚು. ಮತ್ತೆ ಮತ್ತೆ ಬರುವ ಬಾಬ್ತುಗಳು ಬೇರೆ ಇವೆ. ಅವನ್ನು ತಿಳಿಯದೆ ಪಿಂಚಣಿ ಹಣದಲ್ಲಿ ದೊಡ್ಡ ಮಗ್ಗ ತಂದರೆ ಅದು ಬಟ್ಟೆ ಒಣಹಾಕುವ ಗಳುವಾಗಿ ಉಳಿದೀತು. ಆದ್ದರಿಂದ ಈ ಲೆಕ್ಕ.

ಮಗ್ಗ ಯಾವುದು?

ನಾಲ್ಕು ಮರದ ಪಟ್ಟಿ ಮತ್ತು ಮೊಳೆಗಳಿಂದ ಮಾಡಿದ ಚೌಕಟ್ಟು ಎಲ್ಲಕ್ಕಿಂತ ಅಗ್ಗ. ಊರಿನ ಬಡಗಿಯೇ ಮಾಡಿಕೊಡಬಲ್ಲ. ಸಣ್ಣ ಚೀಲ, ಆಸನದ ಹೊದಿಕೆ ಇದರಲ್ಲಿ ಆಗುತ್ತವೆ. ಎರಡನೆಯದು ಮೇಜಿನ ಮೇಲಿಡುವ ಕೈಮಗ್ಗ. ಟವೆಲ್, ಶಾಲು ನೇಯಬಹುದು. ಮೂರನೆಯದು ಕಾಲಿನಿಂದ ತುಳಿದು ನಡೆಸುವ ಚೌಕಟ್ಟಿನ ಮಗ್ಗ. ಸೀರೆ, ಪಂಚೆಯ ಅಗಲಕ್ಕೆ ಇದೇ ಬೇಕು, ಆದರೆ ಅರ್ಧ ಕೋಣೆಯೇ ಹೋಗುತ್ತದೆ. ಗುಂಡಿ ಮಗ್ಗಕ್ಕೆ ನೆಲ ಅಗೆಯಬೇಕು. ಬಾಡಿಗೆ ಮನೆಯವರು ಅದರ ಯೋಚನೆ ಬಿಡುವುದು ಒಳ್ಳೆಯದು.

ಮಗ್ಗದ ಜೊತೆಗೆ ಲಾಳಿ, ಹಣಿಗೆ, ಕಂಡಿಕೆ, ಕಂಡಿಕೆ ಸುತ್ತಲು ರಾಟೆ ಬೇಕು. ಬೆಲೆ ವಿಚಾರಿಸುವಾಗ ಇವೆಲ್ಲ ಸೇರಿವೆಯೇ ಎಂದು ಕೇಳಿಕೊಳ್ಳಿ.

ನೂಲಿನ ಲೆಕ್ಕ

ನೂಲಿನ ನಂಬರು ಹೆಚ್ಚಾದಷ್ಟು ಎಳೆ ಸಣ್ಣದು. 840 ಗಜ, ಅಂದರೆ ಸುಮಾರು 768 ಮೀಟರ್ ನೂಲು ಒಂದು ಲಡಿ. ಒಂದು ಪೌಂಡಿನಲ್ಲಿ ಇಂಥ 20 ಲಡಿ ಬಂದರೆ ಅದು 20 ನಂಬರು. ಅದರ ಎರಡು ಎಳೆ ಹೊಸೆದರೆ 2/20. ಇದು ಹೊಸಬರ ಕೈಗೆ ಸುಲಭವಾಗಿ ತುಂಡಾಗದು. ಒಂದು ಕಿಲೋದಲ್ಲಿ ಸುಮಾರು 17 ಕಿಲೋಮೀಟರ್ ಬರುತ್ತದೆ.

60 ಸೆಂಟಿಮೀಟರ್ ಅಗಲ, ಒಂದು ಮೀಟರ್ ಉದ್ದದ ನಾಲ್ಕು ಟವೆಲ್ ನೇಯುವುದಾದರೆ:

ಹಾಸು: ಸೆಂಟಿಮೀಟರಿಗೆ 12 ಎಳೆಯಂತೆ 720 ಎಳೆ. ಬಟ್ಟೆಗೆ 4 ಮೀಟರ್, ಮಗ್ಗಕ್ಕೆ ಕಟ್ಟಲು 1 ಮೀಟರ್; ಒಟ್ಟು 3,600 ಮೀಟರ್.

ಹೊಕ್ಕು: ಸೆಂಟಿಮೀಟರಿಗೆ 12ರಂತೆ 4,800 ಎಳೆ. ಸುಮಾರು 2,900 ಮೀಟರ್.

ಒಟ್ಟು 6,500 ಮೀಟರ್, ಅಂದರೆ ಸುಮಾರು 400 ಗ್ರಾಂ. ನೂಲಿನ ದರ ಏರಿಳಿಯುವುದರಿಂದ ಅಂದಿನ ಕಿಲೋ ದರವನ್ನು 0.4ರಿಂದ ಗುಣಿಸಿಕೊಳ್ಳಿ. ಕಿಲೋಗೆ 400 ರೂಪಾಯಿ ಎಂದಿಟ್ಟುಕೊಂಡರೆ ನಾಲ್ಕು ಟವೆಲಿಗೆ 160, ಒಂದಕ್ಕೆ 40 ರೂಪಾಯಿ.

ಕಣ್ಣಿಗೆ ಬೀಳದ ಖರ್ಚು

ಮಗ್ಗಕ್ಕೆ ಕಟ್ಟಿದ ಆ ಒಂದು ಮೀಟರ್ ಹಾಸು ಬಟ್ಟೆಯಾಗುವುದಿಲ್ಲ. ಒಂದೇ ಟವೆಲಿಗೆ ಹಾಸು ಹೂಡಿದರೆ ಅರ್ಧ ಹಾಸು ವ್ಯರ್ಥ. ನಾಲ್ಕಕ್ಕೆ ಹೂಡಿದರೆ ಐದರಲ್ಲಿ ಒಂದು ಪಾಲು, ಒಂಬತ್ತಕ್ಕೆ ಹೂಡಿದರೆ ಹತ್ತರಲ್ಲಿ ಒಂದು ಪಾಲು. ಮೊಳೆಯ ಚೌಕಟ್ಟಿನಲ್ಲಿ ಈ ನಷ್ಟ ಬಹಳ ಕಡಿಮೆ. ಕಲಿಯುವವರು ಅಲ್ಲಿಂದ ಆರಂಭಿಸಲಿ ಎನ್ನುವುದು ಇದಕ್ಕೇ.

ಇನ್ನೊಂದು ಖರ್ಚು ಸಮಯ. 720 ಎಳೆಗಳನ್ನೂ ಒಂದೊಂದಾಗಿ ಪೋಣಿಸಬೇಕು. ಎಳೆಗೆ ಹತ್ತು ಸೆಕೆಂಡ್ ಹಿಡಿದರೂ ಎರಡು ಗಂಟೆ. ನಿಮಿಷಕ್ಕೆ ಹತ್ತು ಸಲ ಲಾಳಿ ಓಡಿಸಿದರೆ ಒಂದು ಟವೆಲಿನ 1,200 ಎಳೆಗೆ ಮತ್ತೆರಡು ಗಂಟೆ. ಪೋಣಿಸಿದ್ದನ್ನು ಹಂಚಿದರೆ ಟವೆಲಿಗೆ ಎರಡೂವರೆ ಗಂಟೆ. ಹಾಸು ಹೂಡಿದ ಹೊತ್ತು, ಕಡಿದ ಎಳೆಗೆ ಗಂಟು ಹಾಕಿದ ಹೊತ್ತು ಇದರಲ್ಲಿಲ್ಲ. ಬೆನ್ನುನೋವು, ಕಣ್ಣಿನ ತೊಂದರೆ ಇರುವವರು ಇದನ್ನೂ ಯೋಚಿಸಬೇಕು.

ನೂಲು 40 ರೂಪಾಯಿ, ದುಡಿಮೆ ಎರಡೂವರೆ ಗಂಟೆ. ಹವ್ಯಾಸಕ್ಕೆ ನೇಯುವವರಿಗೆ ಈ ಹೊತ್ತು ಸಂತೋಷ, ನೇಕಾರರಿಗೆ ಇದೇ ಅನ್ನ. ಪಳಗಿದ ಕೈ ನಮಗಿಂತ ಎಷ್ಟೋ ವೇಗವಾಗಿ ಓಡುತ್ತದೆ, ನಿಜ. ಆದರೂ ಕೈಮಗ್ಗದ ಟವೆಲಿಗೆ ಚೌಕಾಸಿ ಮಾಡುವಾಗ ನಾವು ಕಡಿಮೆ ಮಾಡಿಸುವುದು ನೂಲಿನ ದರವನ್ನಲ್ಲ, ಅವರ ಕೂಲಿಯನ್ನು.

ಕೊಳ್ಳುವ ಮೊದಲು ನೋಡಿ

ಕೇಂದ್ರ ಸರ್ಕಾರದ ನೇಕಾರರ ಸೇವಾ ಕೇಂದ್ರಗಳು ಬೆಂಗಳೂರಿನಲ್ಲೂ ಸೇಲಂನಲ್ಲೂ ಇವೆ. ಅಲ್ಲಿನ ತರಬೇತಿ ಮುಖ್ಯವಾಗಿ ನೇಕಾರರಿಗಾಗಿ. ಇತರರಿಗೆ ಅವಕಾಶವಿದೆಯೇ ಎಂದು ಕೇಳಿಕೊಂಡೇ ಹೋಗಿ. ಇದನ್ನೇ ವೃತ್ತಿಯಾಗಿ ಓದಬಯಸುವ ಮಕ್ಕಳಿಗೆ 1960ರಲ್ಲಿ ಆರಂಭವಾದ ಸೇಲಂನ ಕೈಮಗ್ಗ ತಂತ್ರಜ್ಞಾನ ಸಂಸ್ಥೆ ಇದೆ. ಕರ್ನಾಟಕದ ಕಡೆ ಪ್ರವಾಸ ಹೋದಾಗ ಮೇಲುಕೋಟೆಯ ಜನಪದ ಸೇವಾ ಟ್ರಸ್ಟ್, ಸಾಗರ ತಾಲ್ಲೂಕು ಹೆಗ್ಗೋಡಿನ ಚರಕ ಸಂಸ್ಥೆಗಳ ಕೆಲಸವನ್ನು ನೋಡಬಹುದು.

ನಮ್ಮ ಸಲಹೆ ಇಷ್ಟು: ಮೊದಲು ಚೌಕಟ್ಟು, ಮೂರು ತಿಂಗಳು ಕೈ ಕೂತರೆ ಮೇಜಿನ ಮಗ್ಗ, ಆಮೇಲೂ ಆಸಕ್ತಿ ಉಳಿದರೆ ದೊಡ್ಡದು.

ತಮಿಳುನಾಡಿನಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ದೇವಾಂಗ ಮನೆತನಗಳಿಗೆ ನೇಯ್ಗೆ ಕುಲಕಸುಬು. ಹಾಸು, ಹೊಕ್ಕು, ಲಾಳಿ, ಕಂಡಿಕೆ ಎಂಬ ಮಾತುಗಳು ಮಗ್ಗದ ಜೊತೆಗೇ ಬದುಕಿದವು, ಮಗ್ಗ ನಿಂತರೆ ಅವೂ ನಿಲ್ಲುತ್ತವೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಮಗ್ಗದ ಭಾಗಗಳಿದ್ದರೆ ದಯವಿಟ್ಟು ಸೌದೆಗೆ ಹಾಕಬೇಡಿ, ಗುಜರಿಗೂ ಕೊಡಬೇಡಿ. ಒಂದೊಂದಕ್ಕೂ ಹಿರಿಯರು ಏನೆಂದು ಕರೆಯುತ್ತಿದ್ದರು ಎಂದು ಚೀಟಿ ಬರೆದು ಕಟ್ಟಿಡಿ, ಸಂಘಕ್ಕೂ ತಿಳಿಸಿ. ಕಲಿಯಬಯಸುವ ಸದಸ್ಯರೊಬ್ಬರಿಗೆ ಅದೇ ಮೊದಲ ಮಗ್ಗವಾಗಬಹುದು.