ಕಂದು ಬಣ್ಣವಿಲ್ಲದ ಮೇಜು

ಸ್ನೂಕರ್ ಮೇಜಿನ ಉದ್ದ 12 ಅಡಿ, ಅಗಲ 6 ಅಡಿ. ಸುತ್ತ ನಿಂತು ಕೋಲು ಹಿಂದಕ್ಕೆಳೆಯಲು ಇನ್ನಷ್ಟು ಜಾಗ ಬೇಕು. ನಮ್ಮ ಹಾರೋಹಳ್ಳಿಯ ಎಷ್ಟೋ ಮನೆಗಳ ನಡುಮನೆ ಅದಕ್ಕೆ ಸಾಲದು. ಈ ಆಟದ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಕಾಣುವುದು, ಅಷ್ಟು ಜಾಗ ಯಾರಿಗಿತ್ತು ಎಂಬ ಪ್ರಶ್ನೆ. 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೇನಾಧಿಕಾರಿಗಳ ಮೆಸ್‌ನಲ್ಲಿ ನೆವಿಲ್ ಚೇಂಬರ್ಲೇನ್ ಇದನ್ನು ರೂಪಿಸಿದನೆಂಬುದು ಪ್ರಚಲಿತ ಕಥನ. ನಿಯಮಗಳು ಬರಹಕ್ಕಿಳಿದದ್ದು 1882ರಲ್ಲಿ, ನಮಗೆ ಹತ್ತಿರದ ಊಟಿಯ ಕ್ಲಬ್ಬಿನಲ್ಲಿ.

ಆ ಮೇಜು ಇಂಗ್ಲೆಂಡಿನ ಸಾಮಾನ್ಯರ ಮನೆ ಹೊಕ್ಕಿದ್ದು ಟಿವಿ ಪರದೆಯ ಮೂಲಕ. ಬಣ್ಣದ ಟಿವಿಯ ಬೆಡಗನ್ನು ತೋರಿಸಲೆಂದೇ ಬಿಬಿಸಿ 1969ರಲ್ಲಿ ‘ಪಾಟ್ ಬ್ಲ್ಯಾಕ್’ ಎಂಬ ಸ್ನೂಕರ್ ಕಾರ್ಯಕ್ರಮ ಆರಂಭಿಸಿತು. 1980ರ ದಶಕದಲ್ಲಿ ಅದೇ ಟಿವಿಗೆ ಜೋಡಿಸುವ ಪುಟ್ಟ ಕಂಪ್ಯೂಟರುಗಳು ಬಂದವು. ನೋಡುತ್ತಿದ್ದವರು ಈಗ ಆಡಬಹುದಿತ್ತು. ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ ಏಕಾರ್ನ್‌ಸಾಫ್ಟ್ ಕಂಪನಿ 1983ರಲ್ಲಿ ‘ಸ್ನೂಕರ್’ ತಂದಿತು. ಮರುವರ್ಷ ವಿಶ್ವ ಚಾಂಪಿಯನ್ ಸ್ಟೀವ್ ಡೇವಿಸ್ ಹೆಸರಿನ ಆಟವೂ ಬಂತು.

ಕಂಪ್ಯೂಟರಿಗೆ ಹೇಳಿ ಮಾಡಿಸಿದಂಥ ಆಟವಿದು. ಓಡುವ ಆಟಗಾರರಿಲ್ಲ, ಗಾಳಿ ಮಳೆಯಿಲ್ಲ. 22 ಚೆಂಡು, ಕೋನ, ವೇಗ, ಘರ್ಷಣೆ ಅಷ್ಟೆ. ಆದರೆ ಲೆಕ್ಕ ಸುಲಭವಲ್ಲ. 22 ಚೆಂಡುಗಳೆಂದರೆ ಒಂದಕ್ಕೊಂದು ತಾಗಬಹುದಾದ 231 ಜೋಡಿಗಳು. ಬಿಬಿಸಿ ಮೈಕ್ರೋದ 6502 ಪ್ರೊಸೆಸರಿಗೋ ಗುಣಾಕಾರದ ಆದೇಶವೇ ಇರಲಿಲ್ಲ. ಮತ್ತೆ ಮತ್ತೆ ಕೂಡಿಸಿಯೇ ಗುಣಿಸಬೇಕು. ಇನ್ನು ಬಣ್ಣಗಳು ಎಂಟೇ. ಅವುಗಳಲ್ಲಿ ಕಂದು ಇಲ್ಲ, ತಿಳಿಗುಲಾಬಿಯೂ ಇಲ್ಲ. ಎಂಟನ್ನೂ ಒಟ್ಟಿಗೆ ಬಳಸಿದರೆ 32 ಕೆಬಿ ಸ್ಮರಣೆಯಲ್ಲಿ 20 ಕೆಬಿ ಪರದೆಗೇ ಖರ್ಚು. ಬಣ್ಣದಿಂದಲೇ ಮನೆಮಾತಾದ ಆಟಕ್ಕೆ ಬಣ್ಣವೇ ಸಾಲದಾಯಿತು. 1991ರಲ್ಲಿ ಆರ್ಚರ್ ಮೆಕ್ಲೀನ್ ರೂಪಿಸಿದ ‘ಜಿಮ್ಮಿ ವೈಟ್ಸ್ ವರ್ಲ್‌ವಿಂಡ್ ಸ್ನೂಕರ್’ನಲ್ಲಿ ಮೇಜನ್ನು ಸುತ್ತು ಹಾಕಿ ನೋಡುವ ಮೂರು ಆಯಾಮದ ನೋಟ ಸಿಕ್ಕಿದ್ದು ಇನ್ನೂ ಬಲಿಷ್ಠವಾದ ಯಂತ್ರಗಳ ಮೇಲೆ.

ಅದೇ ಬಿಬಿಸಿ ಮೈಕ್ರೋ ಭಾರತಕ್ಕೂ ಬಂತು. 1984ರಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆ ಮೊದಲ ಹಂತದಲ್ಲಿ ಆರಿಸಿಕೊಂಡದ್ದು ಸುಮಾರು 250 ಶಾಲೆಗಳನ್ನು. ಅಲ್ಲಿ ಆಟವಾಗಿ ಮನೆಗೆ ಹೋದ ಯಂತ್ರ ಇಲ್ಲಿ ಪಾಠವಾಗಿ ಶಾಲೆಗೆ ಬಂತು. ನಿಜವಾದ ಸ್ನೂಕರ್ ನಮ್ಮಲ್ಲಿ ಬೆಳೆದದ್ದು ನಗರದ ಕ್ಲಬ್ಬು, ಸಂಸ್ಥೆಗಳಲ್ಲೇ. 2003ರಲ್ಲಿ ಹವ್ಯಾಸಿಗಳ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದ ಪಂಕಜ್ ಅಡ್ವಾಣಿ ಪಳಗಿದ್ದೂ ಬೆಂಗಳೂರಿನ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳ ಮೇಲೆ.

ಕರ್ನಾಟಕದ ಕಂಪ್ಯೂಟರ್ ಚರಿತ್ರೆ ಎಂದೊಡನೆ ನಾವು ಕಂಪನಿಗಳ, ರಫ್ತಿನ ಮಾತಾಡುತ್ತೇವೆ. ಕೀಲಿಮಣೆ ಮೊದಲು ಯಾರ ಕೈಗೆ ಸಿಕ್ಕಿತು, ಪಾಠ ಮುಗಿದ ಮೇಲೆ ಅವರು ಏನಾಡಿದರು ಎಂದು ಕೇಳುವುದಿಲ್ಲ. ಆಗಿನ ಹೈಸ್ಕೂಲು ಮಕ್ಕಳಿಗೆ ಈಗ ಐವತ್ತು ದಾಟಿದೆ. ಕೇಳಿ ಬರೆದುಕೊಳ್ಳಲು ಇದೇ ಹೊತ್ತು.