ಎರಡು ಗೆರೆಗಳು ಕೂಡಿದ ಜಾಗ

ಚಿಕ್ಕಂದಿನಲ್ಲಿ ಮನೆಯ ರೇಡಿಯೊದಲ್ಲಿ ಶಾರ್ಟ್‌ವೇವ್ ಮುಳ್ಳು ತಿರುಗಿಸುವಾಗ ಎರಡು ನಿಲಯಗಳ ನಡುವೆ ಒಮ್ಮೊಮ್ಮೆ ಬೀಪ್ ಬೀಪ್ ಎನ್ನುವ ಸದ್ದು ಸಿಗುತ್ತಿತ್ತು. ಮಾತಿಲ್ಲ, ಹಾಡಿಲ್ಲ. ಇದು ಯಾರದೆಂದು ಕೇಳಿದರೆ ಅಪ್ಪ, "ಅದೇನೋ ಗೊರಗೊರ, ಮುಂದಕ್ಕೆ ತಿರುಗಿಸು" ಎನ್ನುತ್ತಿದ್ದರು. ನಾನು ತಿರುಗಿಸುತ್ತಿದ್ದೆ. ಹಾಗೆ ತಿರುಗಿಸದೆ ಅಲ್ಲೇ ನಿಂತು ಕೇಳಿದವರ ಕತೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಇಂಗ್ಲೆಂಡಿನ ಕೆಟರಿಂಗ್ ಗ್ರಾಮರ್ ಶಾಲೆಯಲ್ಲಿ ಜೆಫ್ರಿ ಪೆರಿ ಭೌತಶಾಸ್ತ್ರದ ಮೇಷ್ಟ್ರು. ರಸಾಯನಶಾಸ್ತ್ರ ಕಲಿಸುತ್ತಿದ್ದ ಡೆರೆಕ್ ಸ್ಲೇಟರ್ ಅವರಿಗೆ ರೇಡಿಯೊ ಹವ್ಯಾಸ. 1960ರ ಹೊತ್ತಿಗೆ ಇಬ್ಬರೂ ಸೋವಿಯತ್ ಉಪಗ್ರಹಗಳ ಸದ್ದು ಹಿಡಿಯತೊಡಗಿದರು. ಎದುರು ಬರುವ ರೈಲಿನ ಸೀಟಿ ಏರಿದಂತೆ, ದಾಟಿಹೋದ ಮೇಲೆ ಇಳಿದಂತೆ ಉಪಗ್ರಹದ ತರಂಗಾಂತರವೂ ಬದಲಾಗುತ್ತದೆ. ಡಾಪ್ಲರ್ ಪರಿಣಾಮ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠವುಂಟೆ? ಹುಡುಗರೂ ಜೊತೆಗೂಡಿದರು.

ಆಗ ಸೋವಿಯತ್ ಒಕ್ಕೂಟ ತನ್ನ ಬೇಹುಗಾರ ಉಪಗ್ರಹಗಳಿಗೂ 'ಕೊಸ್ಮೊಸ್' ಎಂಬ ಹೆಸರನ್ನೇ ಕೊಟ್ಟು, ಮುಂದೊಂದು ಸಂಖ್ಯೆ ಸೇರಿಸುತ್ತಿತ್ತು. ಅವುಗಳ ನಿಜವಾದ ಕೆಲಸವೇನೆಂದು ಹೇಳುತ್ತಿರಲಿಲ್ಲ. ಅವುಗಳಲ್ಲಿ ಹಲವು 20 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೇಳಿಸುತ್ತಿದ್ದವು. ಕೆಟರಿಂಗ್‌ನವರು ಗಮನವಿಟ್ಟದ್ದು ಸಂದೇಶದ ಮೇಲಲ್ಲ, ಗಡಿಯಾರದ ಮೇಲೆ. ಸದ್ದು ಎಷ್ಟು ಗಂಟೆಗೆ ಬಂತು, ಯಾವಾಗ ಮುಳುಗಿತು, ಸುಮಾರು 90 ನಿಮಿಷಕ್ಕೆ ಮತ್ತೆ ಬಂತೇ? ಎಂಟು ದಿನದ ಸುಮಾರಿಗೆ ಸದ್ದು ಅಡಗಿದರೆ, ಫಿಲ್ಮು ಹೊತ್ತ ಕೋಶ ನೆಲಕ್ಕಿಳಿದಿದೆ ಎಂದು ಊಹಿಸಬಹುದಿತ್ತು.

1966ರ ಮಾರ್ಚ್ 17ರಂದು ಕೊಸ್ಮೊಸ್ 112 ಹಾರಿತು. ಅದರ ಕಕ್ಷೆ ಭೂಮಧ್ಯರೇಖೆಗೆ ಸುಮಾರು 72 ಡಿಗ್ರಿ ಓರೆ. ಹಿಂದಿನವು ಹೀಗಿರಲಿಲ್ಲ. ಅಕ್ಟೋಬರ್ 14ರ ಕೊಸ್ಮೊಸ್ 129 ಸುಮಾರು 65 ಡಿಗ್ರಿಯ ಹಳೆಯ ಓರೆಯಲ್ಲೇ ಇದ್ದರೂ ಸದ್ದು ಕೇಳಿಸಿದ ವೇಳೆ ಬೈಕನೂರಿಗೆ ಹೊಂದಲಿಲ್ಲ. ಮೊದಲ ಸುತ್ತಿನ ಹಾದಿಯನ್ನು ಹಿಂದಕ್ಕೆ ಎಳೆದರೆ ಅದು ಹಾರಿದ ಜಾಗದ ಮೇಲೆ ಹಾಯಲೇಬೇಕು. ಒಂದು ಗೆರೆಯಿಂದ ಜಾಗ ತಿಳಿಯದು. ಓರೆ ಬೇರೆಯಾದ ಎರಡು ಗೆರೆ ಎಳೆದರೆ ಅವು ಕೂಡುವಲ್ಲಿ ಉತ್ತರವಿರುತ್ತದೆ. ಗೆರೆಗಳು ಕೂಡಿದ್ದು ಮಾಸ್ಕೋದ ಉತ್ತರಕ್ಕೆ, ಪ್ಲೆಸೆಟ್ಸ್ಕ್ ಎಂಬ ಊರಿನ ಬಳಿ. ಪೆರಿ ಅದನ್ನು ಆ ವರ್ಷವೇ ಬಹಿರಂಗಪಡಿಸಿದರು.

ಅಮೆರಿಕದ ಗುಪ್ತಚರರಿಗೆ ಈ ನೆಲೆಯ ಸುಳಿವು ಮೊದಲೇ ಇತ್ತು. 1960ರ ಮೇ 1ರಂದು ಹೊಡೆದುರುಳಿಸಲಾದ ಗ್ಯಾರಿ ಪವರ್ಸ್‌ರ ಯು-2 ವಿಮಾನ ಹೊರಟಿದ್ದ ದಾರಿಯಲ್ಲಿ ಪ್ಲೆಸೆಟ್ಸ್ಕ್ ಕೂಡ ಇತ್ತು. ಆದರೆ ಅವರು ಬಾಯಿ ಬಿಟ್ಟಿರಲಿಲ್ಲ. ಗುಟ್ಟು ಎರಡು ಸರಕಾರಗಳ ನಡುವೆ ಉಳಿದಿತ್ತು, ಅರಿಯದೆ ಇದ್ದವರು ಜನ ಮಾತ್ರ. ಜನರಿಗೆ ಅದನ್ನು ತಿಳಿಸಿದ್ದು ಒಂದು ಶಾಲೆ. ಸೋವಿಯತ್ ಸರಕಾರ ಆ ನೆಲೆಯನ್ನು ಒಪ್ಪಿಕೊಂಡದ್ದು 1983ರಲ್ಲಿ.

ಯಾವ ಬೀಗವನ್ನೂ ಅವರು ಒಡೆಯಲಿಲ್ಲ. ನೆಲದ ಮೇಲೆ ಬೇಲಿ ಹಾಕಬಹುದು, ನಕಾಶೆಯಿಂದ ಊರನ್ನು ಅಳಿಸಬಹುದು. ಆದರೆ ಮೇಲೆ ಸುತ್ತುವ ವಸ್ತು ಮಾತಾಡಿದರೆ ಎಲ್ಲರ ತಾರಸಿಯ ಮೇಲೂ ಮಾತಾಡಿದಂತೆಯೇ. ಕೇಳುವವರಿಗೆ ಬೇಕಾದದ್ದು ಒಂದು ರಿಸೀವರ್, ಒಂದು ಗಡಿಯಾರ, ದಿನವೂ ಬರೆದಿಡುವ ಒಂದು ನೋಟ್‌ಬುಕ್.

ಈಗ ನನ್ನ ಹಳೆಯ ರೇಡಿಯೊದಲ್ಲಿ ಗುರುತಿಲ್ಲದ ಸದ್ದು ಸಿಕ್ಕಿದರೆ ಮುಳ್ಳು ತಿರುಗಿಸುವುದಿಲ್ಲ. ಮೊದಲು ಗಂಟೆ ಎಷ್ಟೆಂದು ಬರೆದುಕೊಳ್ಳುತ್ತೇನೆ.