ಲೆಕ್ಕವೂ ನಂಟೂ

1922ರಲ್ಲಿ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪವಾಸಿಗಳ ಬಗ್ಗೆ ಪುಸ್ತಕ ಪ್ರಕಟಿಸಿದಾಗ ಎಲ್ಲರ ಗಮನ ಸೆಳೆದದ್ದು ‘ಕೂಲಾ’ ವಿನಿಮಯ. ಕೆಂಪು ಚಿಪ್ಪಿನ ಹಾರಗಳು ಒಂದು ದಿಕ್ಕಿಗೆ, ಬಿಳಿ ಚಿಪ್ಪಿನ ತೋಳುಬಳೆಗಳು ಎದುರು ದಿಕ್ಕಿಗೆ ದ್ವೀಪದಿಂದ ದ್ವೀಪಕ್ಕೆ ಸುತ್ತುತ್ತಿದ್ದವು. ಕೊಟ್ಟವನು ಚೌಕಾಸಿ ಮಾಡುವಂತಿರಲಿಲ್ಲ, ಪಡೆದವನು ಬಹುಕಾಲ ಇಟ್ಟುಕೊಳ್ಳುವಂತಿರಲಿಲ್ಲ. ಆದರೆ ಅದೇ ದೋಣಿಯಲ್ಲಿ ಹೋದವರು ಕೂಲಾ ನಂಟಿಲ್ಲದವರೊಂದಿಗೆ ದಿನಬಳಕೆಯ ಸರಕಿಗಾಗಿ ಜೋರಾಗಿಯೇ ಚೌಕಾಸಿ ಮಾಡುತ್ತಿದ್ದರು. ಅದರ ಹೆಸರು ‘ಗಿಮ್ವಾಲಿ’. ಕೂಲಾವನ್ನು ಗಿಮ್ವಾಲಿಯಂತೆ ನಡೆಸುತ್ತಾನೆ ಎಂದರೆ ಅದು ನಿಂದೆ. ಲೆಕ್ಕ ಹಾಕುವುದು ಆ ಜನಕ್ಕೆ ಚೆನ್ನಾಗಿಯೇ ಗೊತ್ತಿತ್ತು. ಯಾರೊಡನೆ ಹಾಕಬಹುದು, ಯಾರೊಡನೆ ಕೂಡದು ಎಂಬುದನ್ನು ನಂಟು ತೀರ್ಮಾನಿಸುತ್ತಿತ್ತು. ಮದುವೆಮನೆಯ ಮುಯ್ಯಿ ಬರೆದಿಟ್ಟುಕೊಳ್ಳುವ ನಮಗೆ ಇದು ತೀರಾ ವಿಚಿತ್ರವೆನಿಸಬೇಕಿಲ್ಲ.

ಮುಂದಿನ ವಿದ್ವಾಂಸರು ಈ ಸೂಕ್ಷ್ಮವನ್ನು ಕೆಲಕಾಲ ಮರೆತರು ಎನ್ನಬೇಕು. 1944ರಲ್ಲಿ ಕಾರ್ಲ್ ಪೊಲಾನ್ಯಿ, ಹಳೆಯ ಸಮಾಜಗಳಲ್ಲಿ ಆರ್ಥಿಕತೆ ಸಾಮಾಜಿಕ ಸಂಬಂಧಗಳೊಳಗೇ ಹುದುಗಿತ್ತು, ಹತ್ತೊಂಬತ್ತನೆಯ ಶತಮಾನದ ಮಾರುಕಟ್ಟೆ ಅದನ್ನು ಹೊರಗೆಳೆಯಲು ಹೊರಟಿತು ಎಂದು ವಾದಿಸಿದ. ಇದರಿಂದ ಬಂಧುತ್ವ ಹಿಂದಿನವರದು, ಲೆಕ್ಕಾಚಾರ ಇಂದಿನವರದು ಎಂಬ ಸುಲಭದ ವಿಭಜನೆ ಹಲವರಿಗೆ ಸಿಕ್ಕಿತು. ಅದನ್ನು ಒಡೆದವನು ಮಾರ್ಕ್ ಗ್ರಾನೊವೆಟರ್. ಬಾಸ್ಟನ್ ಬಳಿಯ ನ್ಯೂಟನ್‌ನಲ್ಲಿ ಆತ ವಿಚಾರಿಸಿದ ವೃತ್ತಿಪರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸ ಸಿಕ್ಕಿದ್ದು ಪರಿಚಯದವರ ಮೂಲಕ, ಅದೂ ಹೆಚ್ಚಾಗಿ ಅಪರೂಪಕ್ಕೆ ಭೇಟಿಯಾಗುವವರ ಮೂಲಕ. ಆಧುನಿಕ ಅಮೆರಿಕದ ಮಾರುಕಟ್ಟೆಯೂ ಸಂಬಂಧಗಳಲ್ಲೇ ಹುದುಗಿದೆ ಎಂಬ 1985ರ ಅವನ ಲೇಖನದಿಂದ ಹೊಸ ಆರ್ಥಿಕ ಸಮಾಜಶಾಸ್ತ್ರ ಕಾಲೂರಿತು.

ನನ್ನ ಮಟ್ಟಿಗೆ ಇದಕ್ಕಿಂತ ಮೊದಲೇ ಮಂಡ್ಯ ಜಿಲ್ಲೆಯಲ್ಲಿ ನಡೆದ ಕೆಲಸ ಹೆಚ್ಚು ತೂಕದ್ದು. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎರಡು ಹಳ್ಳಿಗಳನ್ನು ಅಭ್ಯಸಿಸಿ, ಅವಕ್ಕೆ ವಂಗಲ, ದಲೇನ ಎಂಬ ಮರೆಹೆಸರು ಕೊಟ್ಟು 1962ರಲ್ಲಿ ಪುಸ್ತಕ ತಂದರು. ಎರಡರಲ್ಲೂ ಒಕ್ಕಲಿಗರೇ ಪ್ರಬಲರು, ಆಚಾರವೂ ಹೆಚ್ಚುಕಡಿಮೆ ಒಂದೇ. ವಂಗಲಕ್ಕೆ ನಾಲೆಯ ನೀರು ಬಂತು, ಕಬ್ಬು ಬಂತು, ಕೈಯಲ್ಲಿ ಹಣ ಆಡಿತು. ಆದರೂ ಒಡೆಯ ಮನೆತನಕ್ಕೂ ತಲೆಮಾರಿನಿಂದ ದುಡಿಯುತ್ತಿದ್ದ ದಲಿತ ಕುಟುಂಬಕ್ಕೂ ಇದ್ದ ಕಟ್ಟು ಸಡಿಲಾಗಲಿಲ್ಲ. ಬೇಸಾಯವೇ ಬದುಕಾಗಿ ಉಳಿದದ್ದರಿಂದ ಹಳೆಯ ವ್ಯವಸ್ಥೆಯೇ ಅದಕ್ಕೆ ಒದಗಿತು. ನೀರು ಹತ್ತದ ದಲೇನದವರು ಗಾಡಿ ಹೊಡೆದರು, ಮಂಡ್ಯದಲ್ಲಿ ಸಂಬಳದ ಕೆಲಸ ಹಿಡಿದರು, ಪಕ್ಕದೂರುಗಳಲ್ಲಿ ಜಮೀನು ಕೊಂಡರು. ಅಲ್ಲಿ ಆ ಕಟ್ಟು ಮುರಿಯಿತು. ಸಂಸ್ಕೃತಿಯೆಂದರೆ ಜನರ ರಕ್ತದಲ್ಲೇ ಇರುವ ಗುಣ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಅರ್ಥಶಾಸ್ತ್ರಜ್ಞರ ಆಕ್ಷೇಪವೊಂದಿದೆ: ಮರ್ಯಾದೆ, ನಂಟು, ಹೆಸರು ಎಲ್ಲವೂ ಒಂದು ಬಗೆಯ ಲಾಭವೇ, ಆದ್ದರಿಂದ ಮನುಷ್ಯ ಎಲ್ಲೆಡೆ ಲಾಭವನ್ನೇ ಹುಡುಕುತ್ತಾನೆ. ಒಪ್ಪಬಹುದು. ಆದರೆ ಎಲ್ಲವನ್ನೂ ಲಾಭವೆಂದು ಕರೆದ ಮೇಲೆ ಯಾರು ಏನು ಮಾಡುತ್ತಾರೆಂದು ಮುಂಚಿತವಾಗಿ ಹೇಳಲಾಗದು. ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು 15 ಸಣ್ಣ ಸಮುದಾಯಗಳಲ್ಲಿ ಹಣ ಹಂಚುವ ಒಂದೇ ಆಟ ಆಡಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೆರುವಿನ ಮಚಿಗೆಂಗಾ ಜನ ಎದುರಾಳಿಗೆ ಸರಾಸರಿ ಶೇ. 26 ಕೊಡಲು ಮುಂದಾದರೆ, ಒಗ್ಗೂಡಿ ತಿಮಿಂಗಿಲ ಬೇಟೆಯಾಡುವ ಇಂಡೊನೇಷ್ಯಾದ ಲಾಮಲೆರಾದವರು ಶೇ. 58 ಕೊಡಲು ಮುಂದಾದರು. ಕೂಡಿ ದುಡಿಯುವ, ಸಂತೆ-ವ್ಯಾಪಾರ ಹೆಚ್ಚಿದ್ದ ಸಮುದಾಯಗಳಲ್ಲೇ ಕೊಡುವ ಪಾಲೂ ಹೆಚ್ಚಿತ್ತು. ಮಾರುಕಟ್ಟೆ ಜನರನ್ನು ಸ್ವಾರ್ಥಿಗಳಾಗಿಸುತ್ತದೆ ಎಂಬ ನಂಬಿಕೆಗೂ ಇದು ಪೆಟ್ಟು.

ಹಾಗೆಂದು ನಂಟನ್ನು ಕೊಂಡಾಡುವಂತಿಲ್ಲ. ಮುಂಬೈನ ದಾದರ್‌ನಲ್ಲಿ ಕೈವಾನ್ ಮುನ್ಶಿ ಮತ್ತು ಮಾರ್ಕ್ ರೋಸೆನ್‌ಜ್ವೀಗ್ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾರ್ಮಿಕ ಜಾತಿಗಳ ಗಂಡುಮಕ್ಕಳು ಜಾತಿಯವರ ಮೂಲಕ ಸಿಗುವ ಹಳೆಯ ಕೆಲಸಗಳ ದಾರಿ ಹಿಡಿದು ಮರಾಠಿ ಶಾಲೆಗಳಲ್ಲೇ ಉಳಿದರು. ಅಂಥ ವಶೀಲಿಯ ಜಾಲ ಇಲ್ಲದಿದ್ದ ಅವರ ಅಕ್ಕತಂಗಿಯರು ಇಂಗ್ಲಿಷ್ ಶಾಲೆಗಳತ್ತ ಹೆಚ್ಚು ಹೆಚ್ಚಾಗಿ ಸರಿದರು.